ಜರ್ಮನಿಗೆ ಬನ್ನಿ, ಆದರೆ ಇಂಗ್ಲಿಷ್ ಸಾಕು ಅಂದುಕೊಳ್ಳಬೇಡಿ

ಧಾರವಾಡದಲ್ಲಿ ಸಮಾಜಶಾಸ್ತ್ರ ಎಂ.ಎ. ಮುಗಿಸಿದ್ದೀರಿ. ಶಿಕ್ಷಣ ಮತ್ತು ಅಸಮಾನತೆ ಬಗ್ಗೆ ಪಿಎಚ್‌ಡಿ ಮಾಡಲು ಜರ್ಮನಿಯ ಬವೇರಿಯಾ ರಾಜ್ಯದಲ್ಲಿ ಅವಕಾಶ ಸಿಗುವ ಹಾಗಿದೆ. ಕೆಲಸವೆಲ್ಲ ಇಂಗ್ಲಿಷ್‌ನಲ್ಲೇ ನಡೆಯುತ್ತದಂತೆ, ಮುಂದೆ ಇಲ್ಲೇ ನೆಲೆ ನಿಲ್ಲಬಹುದಾ ಅಂತ ಕೇಳಿದ್ದೀರಿ. ನಾನೂ ಇದೇ ವಿಷಯ ಹಿಡಿದು ಬಹಳ ವರ್ಷಗಳಿಂದ ಇಲ್ಲಿದ್ದೇನೆ. ಖಂಡಿತ ಬನ್ನಿ. ಆದರೆ ಜರ್ಮನ್ ಕಲಿಯುವುದನ್ನು ಇವತ್ತೇ ಶುರು ಮಾಡಿ.

ನಿಮ್ಮ ವಿಷಯಕ್ಕೆ ಇಲ್ಲಿ ಕೆಲಸ ಬೇಕಾದಷ್ಟಿದೆ. ಹೆಚ್ಚಿನ ರಾಜ್ಯಗಳಲ್ಲಿ ನಾಲ್ಕನೇ ಕ್ಲಾಸ್ ಮುಗಿಯುತ್ತಿದ್ದಂತೆ ಮಕ್ಕಳು ಬೇರೆ ಬೇರೆ ಥರದ ಶಾಲೆಗಳಿಗೆ ಹಂಚಿಹೋಗುತ್ತಾರೆ. ಬವೇರಿಯಾದಲ್ಲಿ ಮೇ ತಿಂಗಳ ಶುರುವಿನಲ್ಲಿ ಒಂದು ಅಂಕಪಟ್ಟಿ ಕೊಡುತ್ತಾರೆ. ಇಲ್ಲಿ 1 ಅಂದರೆ ಅತ್ಯುತ್ತಮ, 6 ಅಂದರೆ ತೀರಾ ಕಳಪೆ. ಜರ್ಮನ್, ಗಣಿತ, ಪರಿಸರ ಪಾಠ, ಈ ಮೂರರ ಸರಾಸರಿ 2.33ರ ಒಳಗಿದ್ದರೆ ಗಿಮ್ನಾಸಿಯುಮ್, ಅಂದರೆ ವಿಶ್ವವಿದ್ಯಾಲಯಕ್ಕೆ ನೇರ ದಾರಿ. 2.66ರವರೆಗೆ ರಿಯಾಲ್‌ಶೂಲೆ, ಅಂದರೆ ಹತ್ತನೇ ಕ್ಲಾಸಿಗೆ ಮುಗಿಯುವ ಶಾಲೆ. ಉಳಿದವರಿಗೆ ಮಿಟೆಲ್‌ಶೂಲೆ, ಹೆಚ್ಚಾಗಿ ಕಸುಬು ಕಲಿಯುವ ಕಡೆಗೆ ಒಯ್ಯುವ ಶಾಲೆ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ರಿಸಲ್ಟ್ ದಿನ ಇರುವ ಆತಂಕ ಇಲ್ಲಿ ಹತ್ತು ವರ್ಷದ ಮಗುವಿನ ಮನೆಯಲ್ಲಿರುತ್ತದೆ. ಆಮೇಲೂ ದಾರಿ ಬದಲಿಸಬಹುದು, ಆದರೆ ಅದು ಹೇಗೆ ಅಂತ ಗೊತ್ತಿರುವವರು ಮನೆಯಲ್ಲಿರಬೇಕು.

ನಮ್ಮ ಕಟ್ಟಡದಲ್ಲಿ ಒಂದು ಕುಟುಂಬವಿತ್ತು. ತಂದೆಗೆ ಗೋದಾಮಿನಲ್ಲಿ ಕೆಲಸ, ತಾಯಿಗೆ ಆಸ್ಪತ್ರೆಯ ಅಡುಗೆಮನೆಯಲ್ಲಿ. ಮಗಳ ಸರಾಸರಿ 2.0. ಗಿಮ್ನಾಸಿಯುಮ್‌ಗೆ ಆರಾಮಾಗಿ ಹೋಗಬಹುದಿತ್ತು. ಅವರು ರಿಯಾಲ್‌ಶೂಲೆಗೆ ಹಾಕಿದರು. ‘ಅಲ್ಲಿ ಕಷ್ಟವಾದರೆ ಮನೆಯಲ್ಲಿ ಹೇಳಿಕೊಡುವವರು ಯಾರು? ಇದಾದರೆ ಹದಿನಾರಕ್ಕೆ ಮುಗಿಯುತ್ತದೆ, ಕೆಲಸ ಕಲಿಯುತ್ತ ಸಂಬಳವೂ ಬರುತ್ತದೆ’ ಅಂದರು ತಾಯಿ. ಕೆಳಗಿನ ಮನೆಯ ಡಾಕ್ಟರ ಮಗನಿಗೂ ಹೆಚ್ಚುಕಡಿಮೆ ಅಷ್ಟೇ ಅಂಕ. ಅವನು ಎಲ್ಲಿಗೆ ಹೋಗಬೇಕು ಅನ್ನುವ ಮಾತೇ ಆ ಮನೆಯಲ್ಲಿ ಏಳಲಿಲ್ಲ.

ಫ್ರೆಂಚ್ ಸಮಾಜಶಾಸ್ತ್ರಜ್ಞ ರೇಮೊಂ ಬೂದೊಂ 1974ರಲ್ಲೇ ಇದನ್ನು ಬಿಡಿಸಿಟ್ಟಿದ್ದ. ಮನೆಯ ಪರಿಸ್ಥಿತಿ ಮಗುವಿನ ಅಂಕದ ಮೇಲೆ ಬೀರುವ ಪರಿಣಾಮ ಒಂದು. ಅಂಕ ಒಂದೇ ಇದ್ದರೂ ಮನೆಯವರ ಆಯ್ಕೆ ಬೇರೆಯಾಗುವುದು ಇನ್ನೊಂದು. ಈ ಎರಡನೆಯದನ್ನು ಅಂಕಿಅಂಶದಲ್ಲಿ ಅಳೆಯಬಹುದು. ಅದು ಯಾಕೆ ಹೀಗಾಗುತ್ತದೆ ಅನ್ನುವುದು ಗೊತ್ತಾಗಬೇಕಾದರೆ ಆ ತಾಯಿಯ ಹತ್ತಿರ ಕೂತು ಮಾತಾಡಬೇಕು, ಅಲ್ವಾ? ಆಕೆಗೆ ಇಂಗ್ಲಿಷ್ ಬರುವುದಿಲ್ಲ.

ಅಂಕಿಅಂಶಕ್ಕೇನೂ ಕೊರತೆಯಿಲ್ಲ. ಹಲವು ದೇಶಗಳ 15 ವರ್ಷದ ಮಕ್ಕಳ ಕಲಿಕೆಯನ್ನು ಹೋಲಿಸುವ ಪಿಸಾ ಪರೀಕ್ಷೆಯ ಮೊದಲ ಫಲಿತಾಂಶ 2001ರಲ್ಲಿ ಬಂದಾಗ ಇಡೀ ದೇಶ ಬೆಚ್ಚಿಬಿತ್ತು. ಮಕ್ಕಳ ಓದಿಗೂ ಮನೆಯ ಹಿನ್ನೆಲೆಗೂ ಅತಿ ಬಿಗಿಯಾದ ನಂಟಿರುವ ದೇಶಗಳಲ್ಲಿ ಜರ್ಮನಿಯೂ ಒಂದು ಅಂತ ಗೊತ್ತಾಯಿತು. ಬಾಮ್‌ಬೆರ್ಗ್‌ನಲ್ಲಿ 2009ರಲ್ಲಿ ಶುರುವಾದ ‘ನೆಪ್ಸ್’ ಅಧ್ಯಯನ ಹಸುಗೂಸುಗಳಿಂದ ಹಿಡಿದು ದೊಡ್ಡವರವರೆಗೆ 60,000ಕ್ಕೂ ಹೆಚ್ಚು ಜನರ ಕಲಿಕೆಯನ್ನು ವರ್ಷಗಟ್ಟಲೆ ಹಿಂಬಾಲಿಸುತ್ತ ಬಂದಿದೆ. ಒಪ್ಪಂದ ಮಾಡಿಕೊಂಡರೆ ಸಂಶೋಧಕರಿಗೆ ಆ ಮಾಹಿತಿ ಸಿಗುತ್ತದೆ. ಬರುವ ಮೊದಲು ಸ್ಟಾಟಾ ಅಥವಾ ಆರ್, ಅಂದರೆ ಅಂಕಿಅಂಶ ವಿಶ್ಲೇಷಿಸುವ ಸಾಫ್ಟ್‌ವೇರ್, ಕಲಿತಿರಿ.

ಇನ್ನು ನೆಲೆ ನಿಲ್ಲುವ ಮಾತು. ಇದನ್ನು ನೇರವಾಗಿಯೇ ಹೇಳಬೇಕು. ಪಿಎಚ್‌ಡಿ ಇಲ್ಲಿ ಹೆಚ್ಚಾಗಿ ಒಂದು ನೌಕರಿ, ಸಂಬಳವಿದೆ, ಆದರೆ ಹುದ್ದೆ ಅರ್ಧ ಅಥವಾ ಮುಕ್ಕಾಲು. 2007ರ ಕಾನೂನಿನ ಪ್ರಕಾರ ತಾತ್ಕಾಲಿಕ ಒಪ್ಪಂದದ ಮೇಲೆ ಪಿಎಚ್‌ಡಿ ಮುಗಿಯುವ ಮೊದಲು 6 ವರ್ಷ, ಮುಗಿದ ಮೇಲೆ 6 ವರ್ಷ ಇರಬಹುದು. ಮಕ್ಕಳಿದ್ದರೆ ಸ್ವಲ್ಪ ಜಾಸ್ತಿ. ಅಷ್ಟರಲ್ಲಿ ಪ್ರೊಫೆಸರ್ ಆಗದಿದ್ದರೆ ಉಳಿಯುವುದು ಬಹಳ ಕಷ್ಟ, ಯಾಕೆಂದರೆ ಅದಕ್ಕಿಂತ ಕೆಳಗೆ ಕಾಯಂ ಹುದ್ದೆಗಳು ತೀರಾ ಕಡಿಮೆ. ಈ ಕಾನೂನನ್ನು ಮೆಚ್ಚಿ ಕೇಂದ್ರದ ಶಿಕ್ಷಣ ಮತ್ತು ಸಂಶೋಧನಾ ಸಚಿವಾಲಯ ಮಾಡಿಸಿದ್ದ ವಿಡಿಯೊದಲ್ಲಿ ಹಾನ್ನಾ ಅನ್ನುವ ಪಾತ್ರವಿತ್ತು. 2021ರಲ್ಲಿ ಸಾವಿರಾರು ಸಂಶೋಧಕರು ‘ನಾನೇ ಹಾನ್ನಾ’ ಅಂತ ತಮ್ಮ ಕಷ್ಟ ಬರೆದುಕೊಂಡರು. ಅಸಮಾನತೆ ಬಗ್ಗೆ ಓದುವವರೇ ಇಷ್ಟು ಅಭದ್ರತೆಯಲ್ಲಿ ಬದುಕುವುದು ನನಗೆ ಇವತ್ತಿಗೂ ನೋವಿನ ವಿಷಯ. ಮನೆಯ ಆಸರೆ ಇದ್ದವರು ಕೊನೆಯವರೆಗೆ ತಾಳುತ್ತಾರೆ. ಇಲ್ಲದವರು, ಎಷ್ಟೇ ಚುರುಕಾಗಿದ್ದರೂ, ನಡುವೆ ಬಿಟ್ಟುಹೋಗುತ್ತಾರೆ. ನಮ್ಮಂಥ ಹೊರದೇಶದವರಿಗಾದರೆ ವೀಸಾ ಕೂಡ ಸಾಮಾನ್ಯವಾಗಿ ಒಪ್ಪಂದಕ್ಕೇ ಅಂಟಿಕೊಂಡಿರುತ್ತದೆ. ಕಾಯಂ ವಾಸದ ಪರವಾನಗಿಗೂ ಜರ್ಮನ್ ಬೇಕು.

ಊರಿನ ತಿಳಿವಳಿಕೆ ಇಲ್ಲಿ ಉಪಯೋಗಕ್ಕೆ ಬರಲ್ಲ ಅಂತ ಸುಮ್ನೆ ಬದಿಗಿಡಬೇಡಿ. 1975ರಲ್ಲಿ ವರದಿ ಕೊಟ್ಟ ಹಾವನೂರು ಆಯೋಗ ಯಾವ ಜಾತಿಯಲ್ಲಿ ಎಷ್ಟು ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗಿದ್ದಾರೆ ಅಂತ ಲೆಕ್ಕ ಹಾಕಿ ಶಿಕ್ಷಣದಲ್ಲಿ ಹಿಂದುಳಿದವರನ್ನು ಗುರುತಿಸಿತ್ತು. ಅಸಮಾನತೆಯನ್ನು ಹೇಗೆ ಅಳೆಯಬೇಕು ಅನ್ನುವ ಚರ್ಚೆ ನಮ್ಮಲ್ಲಿ ಎಷ್ಟು ಹಳೆಯದು ಅಂತ ಇಲ್ಲಿಯವರಿಗೆ ಗೊತ್ತಿಲ್ಲ. ಸಂದರ್ಶನದಲ್ಲಿ ಇದನ್ನು ಹೇಳಿ, ಕಿವಿಗೊಟ್ಟು ಕೇಳುತ್ತಾರೆ.

ಸಹಿ ಹಾಕುವ ಮೊದಲು ಪ್ರೊಫೆಸರ್‌ಗೆ ಬರೆದು ಕೇಳಿ: ಒಪ್ಪಂದ ಎಷ್ಟು ವರ್ಷದ್ದು, ಹುದ್ದೆ ಶೇಕಡಾ ಎಷ್ಟು, ವಾರಕ್ಕೆ ಎಷ್ಟು ಗಂಟೆ ಪಾಠ, ಶಾಲೆಗಳಿಗೆ ಹೋಗಿ ಕೆಲಸ ಮಾಡಲು ಅವಕಾಶ ಉಂಟಾ. ಅವರ ಹತ್ತಿರ ಪಿಎಚ್‌ಡಿ ಮುಗಿಸಿದವರು ಈಗೆಲ್ಲಿದ್ದಾರೆ ಅಂತಲೂ ಕೇಳಿ, ಅವರಲ್ಲಿ ಒಬ್ಬರ ಜೊತೆಗಾದರೂ ನೇರವಾಗಿ ಮಾತಾಡಿ. ಉತ್ತರ ಬಂದ ಮೇಲೆ ನನಗೆ ಬರೆಯಿರಿ, ಒಪ್ಪಂದವನ್ನು ಜೊತೆಗೆ ಕೂತು ಓದೋಣ.