ಓದುಗರ ಆರೋಗ್ಯ ಪ್ರಶ್ನೆ: ಸೊಪ್ಪಿನ ಪುಡಿಯೋ, ವಿಟಮಿನ್ ಗುಳಿಗೆಯೋ?

ಪ್ರಶ್ನೆ: ಡಾಕ್ಟರ್ ಅವರಿಗೆ ಶರಣು. ನಾನು ಕಲಬುರಗಿಯಲ್ಲಿ ಶಾಲಾ ಶಿಕ್ಷಕಿ. ಮನೆಯಲ್ಲಿ ಐದು ಜನ, ಎಲ್ಲರೂ ಶಾಕಾಹಾರಿಗಳು. ನಮ್ಮ ಅತ್ತೆಯವರಿಗೆ 67 ವರ್ಷ. ಸಕ್ಕರೆ ಕಾಯಿಲೆಗಾಗಿ ಹನ್ನೆರಡು ವರ್ಷಗಳಿಂದ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದಾರೆ. ಅಂಗಾಲು ಜುಮ್ಮೆನ್ನುತ್ತದೆ ಎಂದಾಗ ಕಳೆದ ವರ್ಷ ವಿಟಮಿನ್ ಬಿ12 ಗುಳಿಗೆ ಬರೆದುಕೊಟ್ಟಿದ್ದರು. 15 ವರ್ಷದ ಮಗಳಿಗೆ ಹಿಮೋಗ್ಲೋಬಿನ್ 9.2 ಇದೆ. ಯಜಮಾನರಿಗೂ ಒಂಬತ್ತು ವರ್ಷದ ಮಗನಿಗೂ ಯಾವ ತೊಂದರೆಯೂ ಇಲ್ಲ. ಈಗ ನಮ್ಮ ಹತ್ತಿರದ ಸಂಬಂಧಿಕರೊಬ್ಬರು ನುಗ್ಗೆ ಸೊಪ್ಪು, ಗೋಧಿ ಹುಲ್ಲು, ಸ್ಪಿರುಲಿನಾ ಎಂಬ ಪಾಚಿ, ನೆಲ್ಲಿಕಾಯಿ ಮುಂತಾದವುಗಳ ಪುಡಿ ತುಂಬಿದ ಕ್ಯಾಪ್ಸೂಲುಗಳನ್ನು ಮಾರುತ್ತಿದ್ದಾರೆ. ‘ಗುಳಿಗೆ ಎಂದರೆ ರಾಸಾಯನಿಕ, ಇದು ಪೂರ್ಣ ಆಹಾರ, ಇದರಲ್ಲಿ ಎಲ್ಲ ವಿಟಮಿನ್ನುಗಳೂ ಇವೆ’ ಎಂದು ಹೇಳುತ್ತಾರೆ. ಅವರ ಮಾತು ಕೇಳಿ ಅತ್ತೆಯವರು ಬಿ12 ಗುಳಿಗೆಯನ್ನು ಬಿಟ್ಟು ನಾಲ್ಕು ತಿಂಗಳಾಯಿತು. ಇಡೀ ಮನೆಗೆ ತಿಂಗಳಿಗೆ 4,200 ರೂಪಾಯಿ ಆಗುತ್ತದೆ. ಖರ್ಚಿನ ಬಗ್ಗೆ ಚಿಂತೆಯಿಲ್ಲ, ಮನೆಯವರ ಆರೋಗ್ಯ ಮುಖ್ಯ. ಯಾವುದು ಒಳ್ಳೆಯದು?

ಉತ್ತರ: ತಮ್ಮ ಪತ್ರದಲ್ಲಿ ಒಂದು ವಾಕ್ಯ ನನ್ನನ್ನು ತುಂಬಾ ಕಳವಳಕ್ಕೆ ಈಡುಮಾಡಿತು. ಆದ್ದರಿಂದ ಉಳಿದೆಲ್ಲಕ್ಕಿಂತ ಮೊದಲು ಅದಕ್ಕೆ ಉತ್ತರಿಸುತ್ತೇನೆ. ಅತ್ತೆಯವರು ಬಿಟ್ಟಿರುವ ಬಿ12 ಗುಳಿಗೆಯ ವಿಷಯದಲ್ಲಿ ದಯವಿಟ್ಟು ಈ ವಾರವೇ ಅವರ ವೈದ್ಯರನ್ನು ಕಂಡು, ರಕ್ತದಲ್ಲಿ ಬಿ12 ಮಟ್ಟವನ್ನು ಪರೀಕ್ಷಿಸಿ, ಅವರು ಹೇಳಿದಂತೆ ಮತ್ತೆ ಪ್ರಾರಂಭಿಸಿ. ಬಿ12 ಅನ್ನು ಗಿಡವಾಗಲಿ ಪ್ರಾಣಿಯಾಗಲಿ ತಯಾರಿಸುವುದಿಲ್ಲ, ಅದನ್ನು ತಯಾರಿಸುವುದು ಬ್ಯಾಕ್ಟೀರಿಯಾಗಳು. ಹಸು ಎಮ್ಮೆಗಳ ಹೊಟ್ಟೆಯಲ್ಲಿರುವ ಬ್ಯಾಕ್ಟೀರಿಯಾಗಳು ತಯಾರಿಸಿದ ಬಿ12 ಹಾಲು ಮೊಸರಿನ ಮೂಲಕ ಶಾಕಾಹಾರಿಗಳಾದ ನಮಗೆ ಸಿಗುತ್ತದೆ. ನುಗ್ಗೆಯಲ್ಲಾಗಲಿ, ಗೋಧಿ ಹುಲ್ಲಿನಲ್ಲಾಗಲಿ, ನೆಲ್ಲಿಕಾಯಿಯಲ್ಲಾಗಲಿ ಅದು ನೆಚ್ಚಿಕೊಳ್ಳುವಷ್ಟು ಇರುವುದಿಲ್ಲ. ಸ್ಪಿರುಲಿನಾದಲ್ಲಿ ಇದೆ ಎಂದು ಡಬ್ಬಿಯ ಮೇಲೆ ಬರೆದಿರುವುದನ್ನು ತಾವು ನೋಡಿರಬಹುದು. ಅದರಲ್ಲಿರುವುದು ಬಹುಪಾಲು ಬಿ12ನ್ನು ಹೋಲುವ, ಆದರೆ ಮನುಷ್ಯನ ದೇಹಕ್ಕೆ ಉಪಯೋಗಕ್ಕೆ ಬಾರದ ಒಂದು ರೂಪ.

ಅತ್ತೆಯವರ ವಿಷಯದಲ್ಲಿ ಇನ್ನೂ ಎರಡು ಕಾರಣಗಳಿವೆ. ಬಹಳ ವರ್ಷ ಮೆಟ್‌ಫಾರ್ಮಿನ್ ಸೇವಿಸುವವರಲ್ಲಿ ಕರುಳು ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಇದರ ಜೊತೆಗೆ, ವಯಸ್ಸಾದಂತೆ ಅನೇಕರ ಜಠರದಲ್ಲಿ ಆಮ್ಲ ಕಡಿಮೆಯಾಗುವುದರಿಂದ ಆಹಾರಕ್ಕೆ ಅಂಟಿಕೊಂಡಿರುವ ಬಿ12 ಬಿಡುಗಡೆಯಾಗುವುದೇ ಕಷ್ಟ. ಅಂಥವರ ದೇಹ ಕೂಡ ಗುಳಿಗೆಯಲ್ಲಿರುವ ಬಿಡಿ ಬಿ12 ಅನ್ನು ಹೀರಿಕೊಳ್ಳಬಲ್ಲದು. ಅಂದರೆ ಇಲ್ಲಿ ‘ರಾಸಾಯನಿಕ’ ಎಂದು ದೂರಲ್ಪಟ್ಟ ಗುಳಿಗೆಯೇ ಊಟಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಸೊಪ್ಪಿನಲ್ಲಿರುವ ಫೋಲೇಟ್ ಎಂಬ ಬಿ ಗುಂಪಿನ ವಿಟಮಿನ್ ಮತ್ತು ಡಬ್ಬಿಗಳಿಗೆ ಸೇರಿಸುವ ಅದರ ತಯಾರಿಸಿದ ರೂಪವಾದ ಫೋಲಿಕ್ ಆಮ್ಲ ಹೆಚ್ಚು ಪ್ರಮಾಣದಲ್ಲಿ ಹೋದರೆ ರಕ್ತಹೀನತೆ ಸರಿಹೋದಂತೆ ಕಾಣಬಹುದು, ಆದರೆ ಬಿ12 ಕೊರತೆಯಿಂದ ನರಗಳಿಗೆ ಆಗುವ ಹಾನಿ ಒಳಗೊಳಗೇ ಮುಂದುವರಿಯುತ್ತದೆ. ಅದು ಬಹಳ ದಿನ ಹಾಗೆಯೇ ಉಳಿದರೆ ಆಮೇಲೆ ಔಷಧ ಕೊಟ್ಟರೂ ಪೂರ್ತಿ ಸರಿಹೋಗದಿರಬಹುದು. ಅಂಗಾಲು ಜುಮ್ಮೆನ್ನುವುದಕ್ಕೆ ಸಕ್ಕರೆ ಕಾಯಿಲೆಯೂ ಕಾರಣವಿರಬಹುದು, ಹೀಗಾಗಿ ಎರಡನ್ನೂ ವೈದ್ಯರೇ ಬೇರ್ಪಡಿಸಿ ನೋಡಬೇಕು.

ಇನ್ನು ಮಗಳ ವಿಷಯ. ಈ ವಯಸ್ಸಿನ ಹುಡುಗಿಯರಿಗೆ ಹಿಮೋಗ್ಲೋಬಿನ್ 12 ಇರಬೇಕು. 9.2 ಎಂದರೆ ಮಧ್ಯಮ ತೀವ್ರತೆಯ ರಕ್ತಹೀನತೆ. ಇದು ಊಟ ಒಂದರಿಂದಲೇ ತುಂಬಿಕೊಳ್ಳುವ ಕೊರತೆಯಲ್ಲ, ಪುಡಿಯಿಂದಂತೂ ಅಲ್ಲವೇ ಅಲ್ಲ. ಇದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ, ಏಕೆಂದರೆ ‘ನುಗ್ಗೆ ಸೊಪ್ಪಿನಲ್ಲಿ ಅಷ್ಟು ಕಬ್ಬಿಣವಿದೆ, ಇಷ್ಟು ಕ್ಯಾಲ್ಸಿಯಂ ಇದೆ’ ಎನ್ನುವವರು ಹೇಳುವುದು ಸುಳ್ಳಲ್ಲ, ಆದರೆ ಎಷ್ಟು ಸೊಪ್ಪಿನಲ್ಲಿ ಎಂಬುದನ್ನು ಹೇಳುವುದಿಲ್ಲ. ನೂರು ಗ್ರಾಂ ಹಸಿ ನುಗ್ಗೆ ಸೊಪ್ಪಿನಲ್ಲಿ 300 ಮಿಲಿಗ್ರಾಂಗಿಂತ ತುಸು ಹೆಚ್ಚು ಕ್ಯಾಲ್ಸಿಯಂ, ಸುಮಾರು ನಾಲ್ಕೂವರೆ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಸೊಪ್ಪಿನ ತೂಕದ ಮುಕ್ಕಾಲು ಪಾಲು ನೀರಾದ್ದರಿಂದ, ಒಂದು ಗ್ರಾಂ ಪುಡಿಯೆಂದರೆ ಹೆಚ್ಚೆಂದರೆ ನಾಲ್ಕು ಗ್ರಾಂ ಹಸಿ ಸೊಪ್ಪು. 500 ಮಿಲಿಗ್ರಾಂನ ಎರಡು ಕ್ಯಾಪ್ಸೂಲು ನುಂಗಿದರೆ ಸಿಗುವುದು ಸುಮಾರು 12 ಮಿಲಿಗ್ರಾಂ ಕ್ಯಾಲ್ಸಿಯಂ, ಮತ್ತು ಒಂದು ಮಿಲಿಗ್ರಾಂನ ಐದನೆಯ ಒಂದು ಭಾಗಕ್ಕಿಂತ ಕಡಿಮೆ ಕಬ್ಬಿಣ. ವಯಸ್ಕರಿಗೆ ದಿನಕ್ಕೆ ಬೇಕಾದ ಕ್ಯಾಲ್ಸಿಯಂ 1,000 ಮಿಲಿಗ್ರಾಂ, ವಯಸ್ಕ ಮಹಿಳೆಯರಿಗೆ ಶಿಫಾರಸಾದ ಕಬ್ಬಿಣ 29 ಮಿಲಿಗ್ರಾಂ. ಅದೇ ಸೊಪ್ಪನ್ನು ಒಂದು ಹಿಡಿ, ಅಂದರೆ 50 ಗ್ರಾಂನಷ್ಟು, ತೊಗರಿಬೇಳೆಗೆ ಹಾಕಿ ಬೇಯಿಸಿದರೆ ಆ ಎರಡು ಕ್ಯಾಪ್ಸೂಲಿನ ಹನ್ನೆರಡು ಪಟ್ಟು ಸೊಪ್ಪು ಒಂದೇ ತಟ್ಟೆಯಲ್ಲಿ ಬರುತ್ತದೆ. ಪುಡಿಯಲ್ಲಿ ದೋಷವಿಲ್ಲ, ಅದು ಒಣಗಿದ ಸೊಪ್ಪೇ. ಆದರೆ ಕ್ಯಾಪ್ಸೂಲಿನಲ್ಲಿ ಹಿಡಿಸುವ ಪ್ರಮಾಣ ಊಟವಾಗುವಷ್ಟೂ ಅಲ್ಲ, ಔಷಧವಾಗುವಷ್ಟೂ ಅಲ್ಲ.

ಮಗಳಿಗೆ ಬೇಕಾದದ್ದು ವೈದ್ಯರು ಬರೆದುಕೊಡುವ ಕಬ್ಬಿಣದ ಗುಳಿಗೆ, ಜೊತೆಗೆ ಮುಟ್ಟಿನ ರಕ್ತಸ್ರಾವ ಹೆಚ್ಚಿದೆಯೇ, ಹೊಟ್ಟೆಯಲ್ಲಿ ಜಂತುಹುಳುಗಳಿವೆಯೇ ಎಂಬ ವಿಚಾರಣೆ. ತಾವು ಶಿಕ್ಷಕಿಯಾದ್ದರಿಂದ ಹದಿಹರೆಯದ ಮಕ್ಕಳಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಗುಳಿಗೆ ತಮಗೆ ಗೊತ್ತೇ ಇರುತ್ತದೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಆದರೆ ವಾರಕ್ಕೊಂದು ಗುಳಿಗೆ ಕೊರತೆ ಬಾರದಂತೆ ತಡೆಯಲು ಮಾತ್ರ. ಈಗಾಗಲೇ 9.2ಕ್ಕೆ ಇಳಿದಿರುವ ಮಗುವಿಗೆ ದಿನವೂ ಚಿಕಿತ್ಸೆ ಬೇಕು. ಗುಳಿಗೆಯನ್ನು ಚಹಾ ಅಥವಾ ಹಾಲಿನ ಜೊತೆ ಕೊಡಬೇಡಿ, ಕ್ಯಾಲ್ಸಿಯಂ ಗುಳಿಗೆಯ ಜೊತೆಗೂ ಕೊಡಬೇಡಿ. ನಿಂಬೆಹಣ್ಣಿನ ನೀರು ಅಥವಾ ಪೇರಲ ಹಣ್ಣು ಜೊತೆಗಿದ್ದರೆ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ. ಮಲ ಕಪ್ಪಾದರೆ ಹೆದರಬೇಡಿ. ಒಂದು ತಿಂಗಳ ನಂತರ ಮತ್ತೆ ರಕ್ತ ಪರೀಕ್ಷಿಸಿದಾಗ ಒಂದು ಗ್ರಾಂನಷ್ಟಾದರೂ ಏರಿರಬೇಕು, ಏರದಿದ್ದರೆ ಕಾರಣವನ್ನು ಹುಡುಕಲೇಬೇಕು. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ದೇಹದ ದಾಸ್ತಾನು ತುಂಬಲು ಸಾಮಾನ್ಯವಾಗಿ ಇನ್ನೂ ಮೂರು ತಿಂಗಳು ಗುಳಿಗೆ ಮುಂದುವರಿಸಲಾಗುತ್ತದೆ. ಬಣ್ಣ ಬಂತು, ಸುಸ್ತು ಹೋಯಿತು ಎಂದು ನಡುವೆ ನಿಲ್ಲಿಸುವ ತಾಯಂದಿರನ್ನು ನಾನು ಬಹಳ ನೋಡಿದ್ದೇನೆ. ಆ ಮಕ್ಕಳು ಆರು ತಿಂಗಳಿಗೆ ಮತ್ತೆ ಅದೇ ಸುಸ್ತಿನೊಂದಿಗೆ ಬರುತ್ತಾರೆ.

ಹಾಗಾದರೆ ನಾನು ಗುಳಿಗೆಯ ಪರ ಎಂದು ತಾವು ತಿಳಿಯಬಾರದು. ಯಜಮಾನರಿಗೂ ಮಗನಿಗೂ ಪುಡಿಯೂ ಬೇಡ, ಮಲ್ಟಿವಿಟಮಿನ್ ಗುಳಿಗೆಯೂ ಬೇಡ. ಕೊರತೆಯಿಲ್ಲದವರಿಗೆ ಗುಳಿಗೆ ಹಾನಿ ಮಾಡಿದ ಉದಾಹರಣೆಯೂ ಇದೆ. ಹಣ್ಣು ತರಕಾರಿ ಹೆಚ್ಚು ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದನ್ನು ನೋಡಿದ ಸಂಶೋಧಕರು, ಗಜ್ಜರಿಗೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ಅನ್ನೇ ಬೇರ್ಪಡಿಸಿ ಗುಳಿಗೆಯಾಗಿ ಫಿನ್‌ಲ್ಯಾಂಡ್ ದೇಶದ ಸಾವಿರಾರು ಸಿಗರೇಟು ಸೇದುವ ಗಂಡಸರಿಗೆ ಕೊಟ್ಟು ನೋಡಿದರು. 1994ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಆ ಗುಳಿಗೆ ತೆಗೆದುಕೊಂಡವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡಾ 18ರಷ್ಟು ಹೆಚ್ಚಾಗಿತ್ತು. ಗಜ್ಜರಿ ತಿಂದಾಗ ಆಗದ ಅನಾಹುತ ಅದರ ಒಂದು ಅಂಶವನ್ನು ಹಿಂಡಿ ದೊಡ್ಡ ಪ್ರಮಾಣದಲ್ಲಿ ಕೊಟ್ಟಾಗ ಆಯಿತು. ತಮ್ಮ ಸಂಬಂಧಿಕರು ಹೇಳುವ ‘ಪೂರ್ಣ ಆಹಾರ’ ಎಂಬ ಮಾತಿನಲ್ಲಿ ಇಷ್ಟರ ಮಟ್ಟಿಗೆ ಸತ್ಯವಿದೆ.

ಇದಕ್ಕೆ ಎದುರಾದ ಕಥೆಯೊಂದು ನಮ್ಮ ದೇಶದಲ್ಲಿಯೇ ನಡೆದಿದೆ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬೈಗೆ ಬಂದು, ಅಲ್ಲಿನ ಬಟ್ಟೆ ಗಿರಣಿಗಳ ಬಡ ಬಸುರಿ ಹೆಣ್ಣುಮಕ್ಕಳನ್ನು ಕಾಡುತ್ತಿದ್ದ ಒಂದು ಬಗೆಯ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಯೀಸ್ಟ್ ಸಾರವನ್ನು ಕೊಟ್ಟಾಗ ಆ ಹೆಣ್ಣುಮಕ್ಕಳು ಚೇತರಿಸಿಕೊಂಡರು. ಆ ಸಾರದಲ್ಲಿದ್ದ ಅಂಶ ಯಾವುದೆಂದು ಹುಡುಕುತ್ತ ಹೋದದ್ದರಿಂದಲೇ ಫೋಲಿಕ್ ಆಮ್ಲ ಸಿಕ್ಕಿತು. 1941ರಲ್ಲಿ ಅದನ್ನು ರಾಶಿರಾಶಿ ಪಾಲಕ್ ಸೊಪ್ಪಿನಿಂದ ಬೇರ್ಪಡಿಸಿದರು, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಹೆಸರಿಟ್ಟರು. ಇಂದು ಗರ್ಭ ಧರಿಸುವ ಮೊದಲೇ ಈ ಗುಳಿಗೆಯನ್ನು ಪ್ರಾರಂಭಿಸಿದರೆ ಮಗುವಿನ ಬೆನ್ನುಹುರಿಯ ಜನ್ಮದೋಷಗಳು ಬಹಳಷ್ಟು ತಪ್ಪುತ್ತವೆ ಎಂಬುದು ಸಿದ್ಧವಾಗಿದೆ. ಈ ಕೆಲಸಕ್ಕೆ ಸೊಪ್ಪಿನ ಫೋಲೇಟ್ ಸಾಲದು, ಏಕೆಂದರೆ ಬೇಯಿಸುವಾಗ ಅದು ಸಾಕಷ್ಟು ನಷ್ಟವಾಗುತ್ತದೆ, ಹೀರಲ್ಪಡುವುದೂ ಗುಳಿಗೆಗಿಂತ ಕಡಿಮೆ. ಹೀಗಾಗಿ ಗುಳಿಗೆ ಒಳ್ಳೆಯದೋ ಆಹಾರ ಒಳ್ಳೆಯದೋ ಎಂದು ಕೇಳುವ ಮೊದಲು, ಯಾರಿಗೆ ಯಾವುದು ಕೊರತೆಯಾಗಿದೆ ಎಂದು ಕೇಳಬೇಕು. ತಮ್ಮ ಮನೆಯ ಐವರಿಗೂ ಒಂದೇ ಡಬ್ಬಿ ಕೊಡಹೊರಟವರು ಈ ಪ್ರಶ್ನೆಯನ್ನೇ ಕೇಳಲಿಲ್ಲ.

ಡಬ್ಬಿಯನ್ನು ಒಮ್ಮೆ ತಿರುಗಿಸಿ ನೋಡಿ. ಇಂಥ ಪದಾರ್ಥಗಳು ನಮ್ಮಲ್ಲಿ ಸಾಮಾನ್ಯವಾಗಿ ಔಷಧ ಕಾಯ್ದೆಯಡಿ ಅಲ್ಲ, ಆಹಾರ ಸುರಕ್ಷತೆಯ ನಿಯಮಗಳಡಿ ಮಾರಾಟವಾಗುತ್ತವೆ. ಔಷಧವಾಗಿ ಬಳಸತಕ್ಕದ್ದಲ್ಲ ಎಂಬ ಸೂಚನೆ ಮತ್ತು 14 ಅಂಕಿಗಳ ಪರವಾನಗಿ ಸಂಖ್ಯೆ ಅದರ ಮೇಲೆ ಇರಲೇಬೇಕು. ಪದಾರ್ಥಗಳ ಪಟ್ಟಿಯಲ್ಲಿ ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ), ಸಯನೊಕೊಬಾಲಮಿನ್ (ಬಿ12) ಎಂಬ ಹೆಸರುಗಳು ಕಂಡರೆ, ಅದು ಸೊಪ್ಪಿನ ಪುಡಿಗೆ ಗುಳಿಗೆಯ ವಿಟಮಿನ್ನುಗಳನ್ನೇ ಬೆರೆಸಿದ ಮಿಶ್ರಣ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಆಗ ‘ಇದು ಗುಳಿಗೆಯಲ್ಲ’ ಎಂಬ ಮಾತು ನಿಲ್ಲುವುದಿಲ್ಲ. ಮನೆಯಲ್ಲಿ ಯಾರಾದರೂ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್‌ನಂಥ ಔಷಧ ಸೇವಿಸುತ್ತಿದ್ದರೆ ಸೊಪ್ಪಿನ ಪುಡಿಗಳಲ್ಲಿರುವ ವಿಟಮಿನ್ ಕೆ ಆ ಔಷಧದ ಪರಿಣಾಮವನ್ನು ತಗ್ಗಿಸಬಲ್ಲದು. ಥೈರಾಯ್ಡ್ ಗುಳಿಗೆ ತೆಗೆದುಕೊಳ್ಳುವವರು ಕಬ್ಬಿಣ ಮತ್ತು ಕ್ಯಾಲ್ಸಿಯಂ ಅನ್ನು ಅದರಿಂದ ನಾಲ್ಕು ತಾಸು ದೂರವಿಡಬೇಕು.

ಆ 4,200 ರೂಪಾಯಿಯನ್ನು ನಾನಾಗಿದ್ದರೆ ಅಡುಗೆಮನೆಗೆ ಕೊಡುತ್ತಿದ್ದೆ. ನಮ್ಮ ಭಾಗದ ಊಟ ಇದಕ್ಕೆ ಹೇಳಿ ಮಾಡಿಸಿದಂತಿದೆ. ಎಳ್ಳಮಾವಾಸ್ಯೆಯಂದು ಹೊಲದಲ್ಲಿ ಕುಳಿತು ಉಣ್ಣುವ ಭಜ್ಜಿಯನ್ನು ನೆನೆಸಿಕೊಳ್ಳಿ. ಹಸಿ ಕಾಳುಗಳು, ಹತ್ತಾರು ಬಗೆಯ ತಪ್ಪಲು ಮತ್ತು ಕಾಯಿಪಲ್ಯ ಒಂದೇ ಪಾತ್ರೆಯಲ್ಲಿ ಬೆಂದಿರುತ್ತವೆ, ಜೊತೆಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಇರುತ್ತದೆ. ಸಜ್ಜೆಯಲ್ಲಿ ಜೋಳಕ್ಕಿಂತ ಕಬ್ಬಿಣ ಹೆಚ್ಚು, ಎಳ್ಳು ಕ್ಯಾಲ್ಸಿಯಂನ ಗಣಿ. ವರ್ಷಕ್ಕೊಮ್ಮೆ ಮಾಡುವ ಆ ಅಡುಗೆಯ ಚಿಕ್ಕ ರೂಪ ವಾರಕ್ಕೆ ಎರಡು ಬಾರಿ ಮನೆಯಲ್ಲಿ ಆಗಲಿ. ಪುಂಡಿಪಲ್ಯ, ಮೆಂತೆ, ರಾಜಗಿರಿ, ನುಗ್ಗೆ ಸರದಿಯಂತೆ ಬರಲಿ, ರೊಟ್ಟಿಯ ಪಕ್ಕದಲ್ಲಿ ಶೇಂಗಾ ಹಿಂಡಿಯ ಬದಲು ಕೆಲವು ದಿನ ಅಗಸೆ ಹಿಂಡಿ, ಗುರೆಳ್ಳು ಹಿಂಡಿ ಇರಲಿ, ಕಾಳುಗಳನ್ನು ಮೊಳಕೆ ಬರಿಸಿ. ಮೊಳಕೆ ಬಂದ ಕಾಳಿನಲ್ಲಿ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಕಡಿಮೆಯಾಗಿರುತ್ತದೆ. ಊಟದ ಹಿಂದೆಯೇ ಚಹಾ ಕುಡಿಯುವ ರೂಢಿಯಿದ್ದರೆ ಅದನ್ನು ಒಂದು ತಾಸು ಮುಂದೆ ತಳ್ಳಿ. ಪ್ರತಿಯೊಬ್ಬರಿಗೂ ದಿನಕ್ಕೆ ಎರಡು ಲೋಟದಷ್ಟು ಹಾಲು ಅಥವಾ ಮೊಸರು ಸೇರಲಿ.

ಪ್ರಶ್ನೆ (ಬೀದರ್‌ನಿಂದ): ನಮ್ಮದು ಬಿಸಿಲ ನಾಡು. ಆದರೂ ನನ್ನ ರಕ್ತದಲ್ಲಿ ವಿಟಮಿನ್ ಡಿ ಕಡಿಮೆ ಎಂದು 60,000 ಯೂನಿಟ್ಟಿನ ಪುಡಿಯ ಪೊಟ್ಟಣಗಳನ್ನು ಬರೆದುಕೊಟ್ಟಿದ್ದಾರೆ. ಇದರ ಬದಲು ಅಣಬೆ ಪುಡಿ ತೆಗೆದುಕೊಳ್ಳಬಹುದೇ?

ಉತ್ತರ: ಬಿಸಿಲು ಊರಿನಲ್ಲಿದ್ದರೆ ಸಾಲದು, ಚರ್ಮದ ಮೇಲೆ ಬೀಳಬೇಕು. ಬೆಳಿಗ್ಗೆ ಅಂಗಡಿ ಅಥವಾ ಕಚೇರಿ ಸೇರಿ ಸಂಜೆ ಹೊರಬರುವವರಿಗೆ ಅದು ಸಿಗುವುದಿಲ್ಲ, ಕಿಟಕಿಯ ಗಾಜು ವಿಟಮಿನ್ ಡಿ ಉಂಟುಮಾಡುವ ಕಿರಣಗಳನ್ನು ತಡೆಯುತ್ತದೆ, ಕಪ್ಪು ಚರ್ಮಕ್ಕೆ ಹೆಚ್ಚು ಹೊತ್ತು ಬೇಕಾಗುತ್ತದೆ. ಅಣಬೆಯನ್ನು ಬಿಸಿಲಿಗೆ ಒಡ್ಡಿದರೆ ಅದರಲ್ಲಿ ವಿಟಮಿನ್ ಡಿ2 ಉಂಟಾಗುವುದು ನಿಜ, ಆದರೆ ಯಾವ ಪುಡಿಯಲ್ಲಿ ಎಷ್ಟಿದೆ ಎಂಬುದಕ್ಕೆ ಭರವಸೆಯಿಲ್ಲ. ಸಾಬೀತಾದ ಕೊರತೆಗೆ ಪೊಟ್ಟಣವೇ ಸರಿ. ಆದರೆ ಅದು ಸಾಮಾನ್ಯವಾಗಿ ವಾರಕ್ಕೊಂದು ಮಾತ್ರ, ಅದೂ ವೈದ್ಯರು ಹೇಳಿದಷ್ಟು ವಾರ. ದಿನಕ್ಕೊಂದು ಎಂದು ತಪ್ಪಾಗಿ ತಿಳಿದು ತಿಂಗಳುಗಟ್ಟಲೆ ಸೇವಿಸಿ, ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ ಎಂದು ಬಂದವರನ್ನು ನಾನು ಕಂಡಿದ್ದೇನೆ. ಈ ವಿಟಮಿನ್ ಮೂತ್ರದಲ್ಲಿ ಹೊರಹೋಗದೆ ಕೊಬ್ಬಿನಲ್ಲಿ ಸಂಗ್ರಹವಾಗುತ್ತದೆ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು ಬೀಳುತ್ತದೆ.

ಪ್ರಶ್ನೆ (ಯಾದಗಿರಿಯಿಂದ): ನಾವು ಲಿಂಗಾಯತರು. ವಿಟಮಿನ್ ಕ್ಯಾಪ್ಸೂಲುಗಳಲ್ಲಿ ಪ್ರಾಣಿಯ ಅಂಶ ಇರುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಅನೇಕ ಕ್ಯಾಪ್ಸೂಲುಗಳ ಕವಚವನ್ನು ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ಬರುವ ಜೆಲಾಟಿನ್‌ನಿಂದ ಮಾಡುತ್ತಾರೆ ಎಂಬುದು ನಿಜ. ಸಸ್ಯದ ನಾರಿನಿಂದ ಮಾಡಿದ ಕವಚವೂ ಸಿಗುತ್ತದೆ. ಆಹಾರ ಪೂರಕಗಳ ಡಬ್ಬಿಯ ಮೇಲೆ ಹಸಿರು ಚುಕ್ಕೆಯನ್ನು ನೋಡಿ ಗುರುತಿಸಬಹುದು. ಔಷಧಿಯಾಗಿ ಮಾರಾಟವಾಗುವವುಗಳ ಮೇಲೆ ಆ ಗುರುತನ್ನು ನೆಚ್ಚಿಕೊಳ್ಳಲಾಗುವುದಿಲ್ಲವಾದ್ದರಿಂದ ವೈದ್ಯರಿಗೆ ಮೊದಲೇ ತಿಳಿಸಿ. ಬಿ12 ಅನ್ನು ಬ್ಯಾಕ್ಟೀರಿಯಾಗಳನ್ನು ಬೆಳೆಸಿ ತಯಾರಿಸುತ್ತಾರೆ, ಅದು ಮಾಂಸದಿಂದ ಬರುವುದಿಲ್ಲ. ವಿಟಮಿನ್ ಡಿ3 ಹೆಚ್ಚಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ. ಅದೂ ಒಪ್ಪಿಗೆಯಾಗದಿದ್ದರೆ ಕಲ್ಲುಹೂವಿನಿಂದ ಮಾಡಿದ ಡಿ3 ಅಥವಾ ಯೀಸ್ಟಿನಿಂದ ಮಾಡಿದ ಡಿ2 ಇದೆ. ಸಂಕೋಚದಿಂದ ಔಷಧವನ್ನೇ ಬಿಟ್ಟುಬಿಡಬೇಡಿ. ಕ್ಯಾಪ್ಸೂಲಿನ ಬದಲು ಗುಳಿಗೆ, ಪುಡಿಯ ಪೊಟ್ಟಣ ಅಥವಾ ದ್ರವರೂಪದ ಔಷಧ ಕೊಡಿ ಎಂದು ಕೇಳಿದರೆ ಬಹುತೇಕ ಎಲ್ಲ ವಿಟಮಿನ್ನುಗಳಿಗೂ ಅವು ಸಿಗುತ್ತವೆ.