ಹಳೆ ಪಿಕಪ್ ಮೇಲೆ ಇಷ್ಟು ಪ್ರೀತಿ ಯಾಕೆ?

ಪ್ರಶ್ನೆ: ಸರ್, ಬ್ರಹ್ಮಾವರದ ಹತ್ತಿರ ನಮ್ಮದು ತೋಟದ ಮನೆ. ನಮ್ಮ ಮನೆಯವರು ಹಳೆಯ ಟಾಟಾಮೊಬೈಲ್ ಪಿಕಪ್ ಒಂದನ್ನು ನೋಡಿ ಬಂದಿದ್ದಾರೆ. ಮನೆಯಲ್ಲಿ ಕಾರು ಇದೆ, ಬಾಡಿಗೆಗೆ ಓಡಿಸುವ ಯೋಚನೆಯೂ ಇಲ್ಲ. ಆದರೂ ಅದೇ ಬೇಕಂತೆ. ಅಮೆರಿಕದಲ್ಲಿರುವ ನನ್ನ ತಮ್ಮನೂ 80ರ ದಶಕದ ಟೊಯೊಟಾ ಪಿಕಪ್ ತಗೊಂಡು ಭಾವನಿಗೆ ದಿನಾ ಫೋಟೋ ಕಳಿಸುತ್ತಾನೆ. ಎಸಿ ಇಲ್ಲ, ಸೀಟು ಗಟ್ಟಿ, ಸದ್ದು ಜೋರು. ಇದರಲ್ಲಿ ಇವರಿಗೆ ಏನು ಕಾಣುತ್ತದೆ?

ಉತ್ತರ: ಮೇಡಂ, ಮುಂದಿನ ಸಲ ಅವರು ಗಾಡಿ ನೋಡಲು ಹೋಗುವಾಗ ನೀವೂ ಹೋಗಿ, ಬಾನೆಟ್ ಎತ್ತಿಸಿ ನೋಡಿ. ಇಂಜಿನ್ ಪಕ್ಕದಲ್ಲಿ ಕೆಳಗಿನ ನೆಲ ಕಾಣುತ್ತದೆ. ಅಷ್ಟು ಜಾಗ. ಈಗಿನ ಗಾಡಿಗಳಲ್ಲಿ ದೊಡ್ಡ ಪ್ಲಾಸ್ಟಿಕ್ ಮುಚ್ಚಳ ಬಿಟ್ಟರೆ ಏನೂ ಕಾಣುವುದಿಲ್ಲ. ಹಳೆಯದರಲ್ಲಿ ಯಾವ ಪೈಪು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಬೆರಳಿಟ್ಟು ತೋರಿಸಬಹುದು. ತನ್ನ ಗಾಡಿ ತನಗೆ ಪೂರ್ತಿ ಅರ್ಥವಾಗುತ್ತದೆ ಅನ್ನುವುದು ದೊಡ್ಡ ಸುಖ, ನನ್ನ ಪ್ರಕಾರ ಈ ಪ್ರೀತಿಯ ಮೂಲವೇ ಅದು.

ಟಾಟಾಮೊಬೈಲ್ 206 ಬಂದದ್ದು 1988ರಲ್ಲಿ. 1948 ಸಿಸಿ ಡೀಸೆಲ್ ಇಂಜಿನ್, ಟರ್ಬೊ ಇಲ್ಲ, ಡೀಸೆಲ್ ಪಂಪಿನಿಂದ ಹಿಡಿದು ಡೀಸೆಲ್ ಚಿಮ್ಮಿಸುವ ನಾಝಲ್ ತನಕ ಎಲ್ಲ ಮೆಕ್ಯಾನಿಕಲ್. ಇಂಥ ಇಂಜಿನ್ನಿನ ಕಾಯಿಲೆ ಹಿಡಿಯಲು ಸ್ಕ್ಯಾನರ್ ಬೇಡ. ಹೊಗೆ ನೋಡಿದರೆ ಸಾಕು. ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿದೆ ಅಥವಾ ನಾಝಲ್ ಜಾಸ್ತಿ ಡೀಸೆಲ್ ಬಿಡುತ್ತಿದೆ. ನೀಲಿ ಬಂದರೆ ಆಯಿಲ್ ಉರಿಯುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ಮೊದಲು ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಬ್ಲಾಕ್ ಮತ್ತು ಹೆಡ್ ನಡುವಿನ ಪದರ) ಮೇಲೆ ಸಂಶಯ ಪಡಬೇಕು. ಇದನ್ನು ಕಲಿಯಲು ಇಂಜಿನಿಯರಿಂಗ್ ಓದಬೇಕಾಗಿಲ್ಲ, ಒಬ್ಬ ಒಳ್ಳೆ ಮೆಕ್ಯಾನಿಕ್ ಜೊತೆ ನಾಲ್ಕು ಭಾನುವಾರ ಕೂತರೆ ಬರುತ್ತದೆ. 1991ರ ಟಾಟಾ ಸಿಯೆರಾ, ಅದರ ಬೆನ್ನಿಗೆ ಬಂದ ಎಸ್ಟೇಟ್ ಕಾರು ಎರಡೂ ಈ ಪಿಕಪ್‌ನಿಂದಲೇ ಹುಟ್ಟಿದವು ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಗೊತ್ತಿದ್ದವರಿಗೆ ಅದರ ಮೇಲೆ ಅಭಿಮಾನ ಇನ್ನೂ ಜಾಸ್ತಿ.

ಎರಡನೆಯದು ಅಳತೆ. ಈಗ ನಮ್ಮಲ್ಲಿ ಸಿಗುವ ಟೊಯೊಟಾ ಹೈಲಕ್ಸ್ ಪಿಕಪ್ 5,325 ಮಿ.ಮೀ. ಉದ್ದ. 1968ರಲ್ಲಿ ಬಂದ ಮೊದಲ ಹೈಲಕ್ಸ್ 4.3 ಮೀಟರ್ ಆಸುಪಾಸು ಇತ್ತು. ನಮ್ಮ ಕಡೆ ತೋಟದ ಮನೆಗೆ ಹೋಗುವ ದಾರಿ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಎರಡೂ ಕಡೆ ಕೆಂಪುಕಲ್ಲಿನ ಪಾಗಾರ, ನಡುವೆ ಒಂದು ಗಾಡಿಯ ಜಾಗ, ಕೊನೆಗೊಂದು ತಿರುವು. ಅಲ್ಲಿ ಒಂದು ಮೀಟರ್ ಅಂದರೆ ಬಹಳ ಆಯಿತು. ಹಿಂದಿನ ತೊಟ್ಟಿಯೂ ಹಾಗೆಯೇ, ಹಳೆಯ ಸಣ್ಣ ಪಿಕಪ್‌ಗಳಲ್ಲಿ ಅದರ ಅಂಚು ತಗ್ಗಿನಲ್ಲಿರುತ್ತದೆ, ನೆಲದ ಮೇಲೆ ನಿಂತೇ ಕೈ ಚಾಚಿ ತೆಂಗಿನಕಾಯಿ ತುಂಬಬಹುದು, ಗೊಬ್ಬರದ ಚೀಲ ಎಳೆದುಕೊಳ್ಳಬಹುದು. ಈಗಿನ ದೊಡ್ಡವುಗಳಲ್ಲಿ ತೊಟ್ಟಿಯ ಮೂಲೆಗೆ ಹೋದ ಸಾಮಾನು ತೆಗೆಯಲು ಹತ್ತಿ ಇಳಿಯಬೇಕು. ಅಷ್ಟು ಎತ್ತರದ ಚಂದ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ನಿಮ್ಮ ತಮ್ಮನ ಕಥೆ ಬೇರೆ. ಅಲ್ಲಿ ಸಣ್ಣ ಪಿಕಪ್ ಹೊಸದು ಬೇಕೆಂದರೂ ಸಿಗುವುದು ಕಷ್ಟ. 1964ರಿಂದ ಅಮೆರಿಕ ಹೊರಗಿನಿಂದ ಬರುವ ಪಿಕಪ್‌ಗಳ ಮೇಲೆ ಶೇ 25 ಸುಂಕ ಹಾಕುತ್ತಾ ಬಂದಿದೆ. ಯುರೋಪಿನವರು ಅಮೆರಿಕದ ಕೋಳಿಮಾಂಸಕ್ಕೆ ಸುಂಕ ಏರಿಸಿದ್ದಕ್ಕೆ ಕೊಟ್ಟ ತಿರುಗೇಟು ಅದು. ಕೋಳಿ ಜಗಳ ಮುಗಿದರೂ ಪಿಕಪ್ ಸುಂಕ ಉಳಿಯಿತು. ಆಮೇಲೆ ಮೈಲೇಜ್ ನಿಯಮ ಬಂತು. ನಾಲ್ಕು ಚಕ್ರಗಳ ನಡುವಿನ ಜಾಗ ದೊಡ್ಡದಾದಷ್ಟೂ ಮುಟ್ಟಬೇಕಾದ ಮೈಲೇಜ್ ಗುರಿ ಸಡಿಲ. ಕಂಪನಿಗಳು ಗಾಡಿ ದೊಡ್ಡದು ಮಾಡದೆ ಇನ್ನೇನು ಮಾಡುತ್ತವೆ? ಫೋರ್ಡ್ ತನ್ನ ಸಣ್ಣ ರೇಂಜರ್ ಅನ್ನು 2011ರಲ್ಲಿ ಅಲ್ಲಿ ನಿಲ್ಲಿಸಿತು. ಅದೇ ಕಂಪನಿಯ ಈಗಿನ ಮ್ಯಾವರಿಕ್ ಪಿಕಪ್ ಸಣ್ಣದು ಅಂತ ಹೆಸರಿದ್ದರೂ 5 ಮೀಟರ್ ದಾಟುತ್ತದೆ. ಹಾಗಾಗಿ ಸಣ್ಣದು ಬೇಕಾದವರು ಹಳೆಯದರ ಹಿಂದೆ ಹೋಗುತ್ತಾರೆ. ತಮ್ಮನ ಗಾಡಿಯಲ್ಲಿ 22ಆರ್ ಅನ್ನುವ 2.4 ಲೀಟರ್ ಪೆಟ್ರೋಲ್ ಇಂಜಿನ್ ಇದ್ದರೆ ಅವರಿಗೊಂದು ಮಾತು ಹೇಳಿ: ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇಂಜಿನ್ನಿನ ಮುಂಭಾಗದಲ್ಲಿ ಗಲಗಲ ಸದ್ದು ಬಂದರೆ ಟೈಮಿಂಗ್ ಚೈನ್ ಗೈಡ್ (ಇಂಜಿನ್ ಒಳಗಿನ ಚೈನ್ ಅಲುಗಾಡದಂತೆ ಹಿಡಿಯುವ ಪಟ್ಟಿ) ನೋಡಿಸಬೇಕು. ಗೈಡ್ ಪ್ಲಾಸ್ಟಿಕ್‌ದು. ಅದು ಮುರಿದರೆ ಚೈನ್ ಕವರನ್ನೇ ಕೊರೆಯುತ್ತದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಈ ಹಳೆ ಪಿಕಪ್‌ಗಳಲ್ಲಿ ಏರ್‌ಬ್ಯಾಗ್ ಇಲ್ಲ, ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇಲ್ಲ. ತೊಟ್ಟಿ ಖಾಲಿ ಇದ್ದರೆ ಹಿಂದಿನ ಚಕ್ರಗಳ ಮೇಲೆ ಭಾರವೇ ಇರುವುದಿಲ್ಲ, ಮಳೆಗಾಲದಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಹಿಂಭಾಗ ಜಾರುತ್ತದೆ. ಆಗುಂಬೆಯ 14 ತಿರುವು ಎರಡನೇ ಗೇರಿನಲ್ಲಿ ಹತ್ತುವುದು ಖುಷಿಯೇ. ಇಳಿಯುವಾಗಲೂ ಅದೇ ಗೇರು ಇರಲಿ. ಮನೆ ಮಂದಿಯೆಲ್ಲ ದೂರ ಹೋಗುವುದಿದ್ದರೆ ಮನೆಯ ಕಾರೇ ಸರಿ.

ಪ್ರಶ್ನೆ: ಮಂಗಳೂರು ಧಕ್ಕೆಯಲ್ಲಿ ಮೀನು ಸಾಗಿಸುತ್ತಿದ್ದ ಹಳೆ ಪಿಕಪ್ ಕಡಿಮೆ ರೇಟಿಗೆ ಸಿಗುತ್ತಿದೆ. ಇಂಜಿನ್ ಚೆನ್ನಾಗಿದೆ, ಪೈಂಟೂ ಹೊಸದು. ತಗೊಳ್ಳಬಹುದಾ? (ಓದುಗರು, ಸುರತ್ಕಲ್)

ಉತ್ತರ: ಬೇಡ ಮಾರಾಯ್ರೆ. ಮೀನಿನ ಐಸ್ ಕರಗಿದ ಉಪ್ಪು ನೀರು ವರ್ಷಗಟ್ಟಲೆ ಆ ತೊಟ್ಟಿಯ ಸಂದಿನಿಂದ ಚಾಸಿಸ್ ಮೇಲೆ ಸೋರಿರುತ್ತದೆ. ಇಂಜಿನ್ ಬದಲಿಸಬಹುದು, ಬಾಗಿಲಿಗೆ ಟಿಂಕರಿಂಗ್ ಮಾಡಿಸಬಹುದು, ತಿಂದುಹೋದ ಚಾಸಿಸ್ ಮೇಲೆ ದುಡ್ಡು ಸುರಿಯಬಾರದು. ಹೊಸ ಪೈಂಟ್ ಅಂದ ಕೂಡಲೇ ನನಗೆ ಸಂಶಯ ಜಾಸ್ತಿ. ಮಲ್ಪೆಯ ಗಾಡಿಗೂ ಇದೇ ಮಾತು.

ನಮ್ಮ ಕರಾವಳಿಯಲ್ಲಿ ಹಳೆ ಗಾಡಿಯ ಶತ್ರು ತುಕ್ಕು. ಸಮುದ್ರದ ಗಾಳಿ ಒಂದು ಕಡೆ, ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರುವ ಮಳೆ ಇನ್ನೊಂದು ಕಡೆ. ಗಾಡಿ ನೋಡುವಾಗ ಲಿಫ್ಟ್ ಇರುವ ಗ್ಯಾರೇಜಿಗೆ ಒಯ್ಯಿರಿ. ಹಿಂದಿನ ಲೀಫ್ ಸ್ಪ್ರಿಂಗ್ ಚಾಸಿಸ್‌ಗೆ ಸೇರುವ ಬ್ರಾಕೆಟ್ಟುಗಳ ಹತ್ತಿರ ಸಣ್ಣ ಸುತ್ತಿಗೆಯಿಂದ ತಟ್ಟಿ. ಟಣ್ ಅಂದರೆ ಕಬ್ಬಿಣ ಇದೆ, ಮಂದವಾಗಿ ಸದ್ದು ಬಂದು ತುಕ್ಕಿನ ಹೊಟ್ಟು ಉದುರಿದರೆ ಅಲ್ಲಿಗೇ ಬಿಟ್ಟು ಬನ್ನಿ. ಕ್ಯಾಬಿನ್ ಒಳಗಿನ ರಬ್ಬರ್ ಮ್ಯಾಟ್ ಎತ್ತಿ ನೋಡುವುದನ್ನು ಮರೆಯಬೇಡಿ, ನೀರು ನಿಲ್ಲುವುದು ಅದರ ಅಡಿಯಲ್ಲೇ. ಶಿವಮೊಗ್ಗ, ಹಾಸನ ಕಡೆ ಓಡಿದ ಗಾಡಿ ಸ್ವಲ್ಪ ಜಾಸ್ತಿ ಹೇಳಿದರೂ ಲಾಭವೇ.

ಪ್ರಶ್ನೆ: ಯೆಲ್ಲೋ ಬೋರ್ಡ್ ಪಿಕಪ್ ತಗೊಂಡರೆ ಮಾಮೂಲಿ ಕಾರಿನ ಲೈಸೆನ್ಸ್ ಸಾಕಾ? ವೈಟ್ ಬೋರ್ಡ್ ಮಾಡಿಸಬಹುದಾ? (ಓದುಗರು, ಕಾಪು)

ಉತ್ತರ: ಲೈಸೆನ್ಸ್ ಸಾಕು. ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸರಕು ಗಾಡಿ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ. ಬೋರ್ಡ್ ಬದಲಿಸುವುದು ಮಾತ್ರ ಆರ್‌ಟಿಒ ಒಪ್ಪಿದರೆ ಮಾತ್ರ. ಹಾಗಾಗಿ ಅಡ್ವಾನ್ಸ್ ಕೊಡುವ ಮೊದಲೇ ಆರ್‌ಸಿ ನಕಲು ಹಿಡಿದು ಆಫೀಸಿಗೆ ಹೋಗಿ ಕೇಳಿ. ಯೆಲ್ಲೋ ಬೋರ್ಡ್ ಆಗಿಯೇ ಇಟ್ಟುಕೊಂಡರೆ 8 ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. ಎಫ್‌ಸಿ ಮುಗಿದು ಮೂಲೆಯಲ್ಲಿ ನಿಂತ ಗಾಡಿಯಾದರೆ ಬಾಕಿ ತೆರಿಗೆ, ಹಳೆ ಸಾಲದ ನಮೂದು ಎರಡನ್ನೂ ಮಾರುವವರೇ ಸರಿ ಮಾಡಿಸಿ ಕೊಡಲಿ, ಆಮೇಲೆ ದುಡ್ಡು ಕೊಡಿ.