ಸ್ಯಾಚುರೇಷನ್ 96, ಉಸಿರು 28: ಡಾಕ್ಟರನ್ನು ಎಬ್ಬಿಸಬೇಕೆ?

ಪ್ರಶ್ನೆ: ಸರ್ಜಿಕಲ್ ವಾರ್ಡಿನಲ್ಲಿ ನೈಟ್ ಡ್ಯೂಟಿಯಲ್ಲಿದ್ದೆ. ಹೊಟ್ಟೆಯ ಆಪರೇಷನ್ ಆಗಿ 10 ಗಂಟೆಯಾದ, 60 ಕೆಜಿ ತೂಕದ ರೋಗಿ. 4 ಲೀಟರ್ ಆಕ್ಸಿಜನ್ ಮೇಲೆ ಸ್ಯಾಚುರೇಷನ್ (ಆಕ್ಸಿಮೀಟರ್ ತೋರಿಸುವ ರಕ್ತದ ಆಕ್ಸಿಜನ್ ಮಟ್ಟ) ಶೇಕಡಾ 96, ನಾಡಿ 114, ಬಿಪಿ 104/70. ಜ್ವರವಿಲ್ಲ, ಎಚ್ಚರವಾಗಿ ಮಾತಾಡುತ್ತಿದ್ದರು. ಉಸಿರು ಮಾತ್ರ ನಿಮಿಷಕ್ಕೆ 28. ‘ಸ್ಯಾಚುರೇಷನ್ ಚೆನ್ನಾಗಿದೆಯಲ್ಲ, ಬಿಡಿ’ ಎಂದರು ಸೀನಿಯರ್. ಡಾಕ್ಟರಿಗೆ ಹೇಳಬೇಕಿತ್ತೆ?
– ಒಬ್ಬ ಸ್ಟಾಫ್ ನರ್ಸ್

ಉತ್ತರ: ಹೇಳಲೇಬೇಕಿತ್ತು, ಆಗಲೇ. ಹೊಟ್ಟೆಯೊಳಗೆ ರಕ್ತ ಸೋರುತ್ತಿದ್ದರೂ ಆಕ್ಸಿಮೀಟರ್ 96 ತೋರಿಸಬಲ್ಲದು. ದೇಹದಲ್ಲಿ ಉಳಿದಿರುವ ಹಿಮೋಗ್ಲೋಬಿನ್‌ನಲ್ಲಿ ಶೇಕಡಾ ಎಷ್ಟು ಆಕ್ಸಿಜನ್ ಹೊತ್ತಿದೆ ಎಂಬುದಷ್ಟೇ ಅದರ ಲೆಕ್ಕ. ಹಿಮೋಗ್ಲೋಬಿನ್ ಎಷ್ಟು ಉಳಿದಿದೆ ಎಂಬುದು ಅದಕ್ಕೆ ತಿಳಿಯದು. ಅಂಗಾಂಗಗಳಿಗೆ ರಕ್ತ ಸಾಲದೆ ಆಮ್ಲ ಹೆಚ್ಚಿದಾಗ ಅದನ್ನು ಸರಿದೂಗಿಸಲು ಉಸಿರು ಚುರುಕಾಗುತ್ತದೆ. ಬಿಪಿ ಬೀಳುವುದು ಆಮೇಲೆ. ವಯಸ್ಸು ಚಿಕ್ಕದಿದ್ದರೆ ಇನ್ನೂ ತಡ.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2017ರಲ್ಲಿ ಪರಿಷ್ಕರಿಸಿದ ‘ನ್ಯೂಸ್ 2’ ಪಟ್ಟಿಯಲ್ಲಿ (ರೋಗಿಯ ಸ್ಥಿತಿ ಹದಗೆಡುತ್ತಿದೆಯೇ ಎಂದು ಅಂಕ ಕೊಟ್ಟು ಅಳೆಯುವ ಪಟ್ಟಿ) ಈ ರೋಗಿಯನ್ನು ಕೂರಿಸಿ ನೋಡಿ. ಉಸಿರು 25 ಅಥವಾ ಹೆಚ್ಚಿದ್ದರೆ 3 ಅಂಕ, ಆಕ್ಸಿಜನ್ ಮೇಲಿರುವುದಕ್ಕೆ 2, ನಾಡಿಗೆ 2, ಬಿಪಿಗೆ 1. ಒಟ್ಟು 8. ಅಲ್ಲಿ 7 ಮುಟ್ಟಿದರೇ ತುರ್ತು. ನಿಮ್ಮ ಸೀನಿಯರ್ ನಂಬಿದ ಆ 96ಕ್ಕೆ ಸಿಕ್ಕ ಅಂಕ ಸೊನ್ನೆ.

ಉಸಿರನ್ನು ಪೂರ್ತಿ 60 ಸೆಕೆಂಡು ಎಣಿಸಿ, ನಾಡಿ ನೋಡುವವರಂತೆ ಕೈ ಹಿಡಿದುಕೊಂಡೇ. ಎಣಿಸುತ್ತಿರುವುದು ಗೊತ್ತಾದರೆ ಉಸಿರಾಟದ ಗತಿ ಬದಲಾಗುತ್ತದೆ. (ಚಾರ್ಟಿನಲ್ಲಿ ರಾತ್ರಿಯಿಡೀ 20, 20, 20 ಎಂದು ಕಂಡರೆ ಯಾರೂ ಎಣಿಸಿಲ್ಲ ಎಂದೇ ನನ್ನ ಅನುಮಾನ.)

ಫೋನಿಗೆ ಮುನ್ನ ಒಂದು ನಿಮಿಷ ಹೊದಿಕೆ ಸರಿಸಿ ಡ್ರೆಸ್ಸಿಂಗ್, ಹೊಟ್ಟೆಯ ಉಬ್ಬರ, ಕೈಕಾಲಿನ ತಣುಪು ನೋಡಿ. ಡ್ರೇನ್ (ಹೊಟ್ಟೆಯೊಳಗಿನ ದ್ರವ ಹೊರಬರಲು ಇಟ್ಟ ಕೊಳವೆ) ಖಾಲಿ ಇದೆಯೆಂದು ನಿರಾಳವಾಗಬೇಡಿ. ಹೆಪ್ಪುಗಟ್ಟಿದ ರಕ್ತ ಕೊಳವೆಯನ್ನೇ ಮುಚ್ಚಿರಬಹುದು. ಮೂತ್ರ ಗಂಟೆಗೆ ಕೆಜಿಗೆ ಅರ್ಧ ಎಂಎಲ್, ಅಂದರೆ ಇವರಿಗೆ 30 ಎಂಎಲ್ ಆದರೂ ಬರುತ್ತಿರಬೇಕು.

‘ಪೇಷಂಟ್ ಯಾಕೋ ಸರಿಯಿಲ್ಲ ಸರ್’ ಎಂದರೆ ‘ಬೆಳಿಗ್ಗೆ ನೋಡೋಣ’ ಎಂಬ ಉತ್ತರ ಬಂದೀತು. ಹೀಗೆ ಹೇಳಿ: ‘ಸರ್, ಸರ್ಜಿಕಲ್ ವಾರ್ಡ್, ಬೆಡ್ 12. ಆಪರೇಷನ್ ಆಗಿ 10 ಗಂಟೆ. ಉಸಿರು 28, ನಾಡಿ 114, ಬಿಪಿ 104, ನ್ಯೂಸ್ 8. ಒಳಗೆ ಬ್ಲೀಡಿಂಗ್ ಇದೆಯೋ ಎಂಬ ಭಯ. ಈಗಲೇ ಬಂದು ನೋಡಬೇಕು.’

ಕಾರಣ ಬ್ಲೀಡಿಂಗೇ ಆಗಿರಬೇಕಿಲ್ಲ. ನೋವು, ಸೋಂಕು, ಶ್ವಾಸಕೋಶದ ತೊಂದರೆ ಯಾವುದೂ ಇರಬಹುದು. ಆದರೆ ನೋವೆಂದು ತೀರ್ಮಾನಿಸಬೇಕಾದದ್ದು ರೋಗಿಯನ್ನು ಪರೀಕ್ಷಿಸಿದ ಮೇಲೆ. ಅಲ್ಲಿಯವರೆಗೆ ಚಡಪಡಿಕೆ ಕಂಡರೂ ನಿದ್ದೆಯ ಇಂಜೆಕ್ಷನ್ ಬೇಡ. ಡ್ಯೂಟಿ ಡಾಕ್ಟರ್ ಬರದಿದ್ದರೆ ಅವರ ಮೇಲಿನವರಿಗೆ ಫೋನ್ ಮಾಡಿ. ಯಾರಿಗೆ, ಎಷ್ಟು ಗಂಟೆಗೆ, ಏನು ಹೇಳಿದಿರಿ ಎಂಬುದನ್ನು ಆಗಲೇ ಬರೆದಿಡಿ.